ಮೂರು ಬೀಪ್, ಕಪ್ಪು ಸ್ಕ್ರೀನ್: ಮದರ್‌ಬೋರ್ಡ್ ನಿಜಕ್ಕೂ ಹೋಗಿದೆಯಾ?

ಪ್ರಶ್ನೆ: ನಮ್ಮ ಮನೆ ಮಲ್ಪೆಯಲ್ಲಿ, ಸಮುದ್ರಕ್ಕೆ ಹತ್ತಿರ. ಎಂಟು ವರ್ಷದ ಡೆಸ್ಕ್‌ಟಾಪ್ ಉಂಟು. ಮಗಳು ಬೆಂಗಳೂರಿಗೆ ಹೋದ ಮೇಲೆ ಆಟಿ ತಿಂಗಳಿಡೀ ಯಾರೂ ಅದನ್ನು ಮುಟ್ಟಿರಲಿಲ್ಲ. ಚೌತಿಗೆ ಬಂದವಳು ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಮೂರು ಸಲ ಬೀಪ್ ಅನ್ನುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಅಂಗಡಿಯವರು ಫೋನಿನಲ್ಲೇ "ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರು. ಮನೆಯ ಹಳೆ ಫೋಟೋಗಳೆಲ್ಲ ಅದರಲ್ಲೇ ಇವೆ. ಏನು ಮಾಡುವುದು?

ಉತ್ತರ: ಮೊದಲು ಫೋಟೋಗಳ ಚಿಂತೆ ಬಿಡಿ. ಅವು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ, ಹೋದರೂ ಡಿಸ್ಕ್ ಸರಿ ಇದ್ದರೆ, ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಫೋಟೋ ತೆಗೆದುಕೊಳ್ಳಬಹುದು.

ಇನ್ನು ಬೀಪ್. ಅದು ಕೇಳಿಸುತ್ತಿದೆ ಅಂದರೆ ಒಳ್ಳೆಯ ಸುದ್ದಿಯೇ ಮಾರಾಯ್ರೆ. ಮದರ್‌ಬೋರ್ಡ್ ಪೂರ್ತಿ ಹೋಗಿದ್ದರೆ ತನ್ನ ಕಷ್ಟ ಹೇಳಿಕೊಳ್ಳಲು ಅದಕ್ಕೆ ಬಾಯಿಯೇ ಇರುತ್ತಿರಲಿಲ್ಲ. ಬೀಪ್‌ಗಳ ಲೆಕ್ಕ ಒಂದೊಂದು ಕಂಪನಿಯದ್ದು ಒಂದೊಂದು ರೀತಿ. ಹಾಗಾಗಿ ಮೂರಕ್ಕೆ ಇದೇ ಅರ್ಥ ಅಂತ ನಾನು ಹೇಳುವುದಿಲ್ಲ, ನಿಮ್ಮ ಬೋರ್ಡಿನ ಪುಸ್ತಕ ನೋಡಿ. ಆದರೆ ಮಳೆಗಾಲ ಪೂರ್ತಿ ಮುಚ್ಚಿಟ್ಟ ಕಂಪ್ಯೂಟರ್ ಹೀಗೆ ಕೂಗಿದರೆ ನಾನು ಮೊದಲು ಕೈ ಹಾಕುವುದು ಕಂಪ್ಯೂಟರ್ ಓಡುವಾಗ ಬೇಕಾದ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಪಟ್ಟಿಗೆ, ಅಂದರೆ ರ‍್ಯಾಮ್‌ಗೆ.

ಕಾರಣ ನಮ್ಮ ಗಾಳಿ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಚಿನ್ನವೇ, ಆದರೆ ತೀರಾ ತೆಳುವಾದ ಲೇಪ. ತೇವ, ಉಪ್ಪು ಎರಡೂ ಸೇರಿದರೆ ಲೇಪದ ಸಣ್ಣ ಸಣ್ಣ ತೂತುಗಳಿಂದ ಒಳಗಿನ ಲೋಹ ಕಿಲುಬು ಹಿಡಿಯುತ್ತದೆ. ನಮ್ಮ ಕಡೆಯ ಒಂದು ಮನೆಯಲ್ಲಿ ಹೀಗೇ ಬಿಚ್ಚಿ ನೋಡಿದೆ. ಹಲ್ಲುಗಳು ತೊಳೆಯದ ಹಿತ್ತಾಳೆ ದೀಪದ ಹಾಗೆ ಮಂಕಾಗಿದ್ದವು. ಪಟ್ಟಿ ಕೂರುವ ಪಕ್ಕದ ಸ್ಲಾಟಿನಲ್ಲಿ ಇರುವೆಗಳ ಸಂಸಾರ ಬೇರೆ!

ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಇಳಿಯಲಿ. ಡಬ್ಬದ ಪಕ್ಕದ ಬಾಗಿಲು ತೆಗೆದು, ಅದರ ಲೋಹವನ್ನು ಒಮ್ಮೆ ಮುಟ್ಟಿ. ಕೈಯ ಸ್ಥಾಯಿ ವಿದ್ಯುತ್ ಅಲ್ಲೇ ಹೋಗುತ್ತದೆ. ರ‍್ಯಾಮ್‌ನ ತುದಿಯ ಕ್ಲಿಪ್ ಬಿಡಿಸಿದರೆ ಪಟ್ಟಿ ಮೇಲೇಳುತ್ತದೆ. ಮಕ್ಕಳ ಬಿಳಿ ರಬ್ಬರ್ ತಗೊಂಡು ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ಬೇಡವೇ ಬೇಡ. ಸ್ಲಾಟಿನ ಕಸಕ್ಕೆ ಒಣ ಬ್ರಷ್ ಸಾಕು. ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ. ಟಕ್ ಅಂತ ಕ್ಲಿಪ್ ಬೀಳುವ ತನಕ ಒತ್ತಬೇಕು. ಹೆಚ್ಚಿನವರು ಹೆದರಿ ಅರ್ಧಕ್ಕೇ ಬಿಡುವುದು ಇಲ್ಲೇ. ಆನ್ ಮಾಡಿ ನೋಡಿ. ಬೀಪ್ ನಿಲ್ಲಲಿಲ್ಲವಾದರೆ ಆಫ್ ಮಾಡಿ ಇನ್ನೊಂದು ಪಟ್ಟಿ, ಆಮೇಲೆ ಇನ್ನೊಂದು ಸ್ಲಾಟ್.

ಎಂಟು ವರ್ಷ ಆಗಿದೆಯಲ್ಲ, ಬಿಚ್ಚಿದಾಗಲೇ ಬೋರ್ಡಿನ ಗಡಿಯಾರ ನಡೆಸುವ, ನಾಣ್ಯದಂಥ ಸೆಲ್ಲನ್ನೂ ಬದಲಾಯಿಸಿ. ಸಾಮಾನ್ಯವಾಗಿ ಸಿಆರ್2032, 3 ವೋಲ್ಟಿನದ್ದು. ಆನ್ ಆದ ಮೇಲೆ ತಾರೀಕು ಸರಿಮಾಡಿಕೊಳ್ಳಬೇಕು, ಅಷ್ಟೆ.

ಇಷ್ಟೆಲ್ಲ ಮಾಡಿದರೂ ಕೂಗಿದರೆ ಅಂಗಡಿಗೆ ಹೋಗಿ. ಆದರೆ "ಬೇರೆ ರ‍್ಯಾಮ್ ಹಾಕಿ ತೋರಿಸಿ" ಅಂತ ಎದುರಿಗೇ ಕೇಳಿ. ಐದು ನಿಮಿಷದ ಕೆಲಸ. ಫೋನಿನಲ್ಲೇ ಮದರ್‌ಬೋರ್ಡ್ ಹೋಗಿದೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಸರಿಯಾದ ಮೇಲೆ ಮಳೆಗಾಲದಲ್ಲೂ ವಾರಕ್ಕೆರಡು ಸಲ ಅರ್ಧ ಗಂಟೆ ಸುಮ್ನೆ ಓಡಿಸಿ. ಅದರ ಬಿಸಿಗೆ ಒಳಗಿನ ತೇವ ಕಡಿಮೆಯಾಗುತ್ತದೆ.

ಪ್ರಶ್ನೆ: ಸುರತ್ಕಲ್‌ನಲ್ಲಿದ್ದೇವೆ. ಮೊನ್ನೆ ಸಿಡಿಲು ಬಡಿದ ಮೇಲೆ ಕಂಪ್ಯೂಟರಿನಲ್ಲಿ ಲೈಟೂ ಇಲ್ಲ, ಫ್ಯಾನೂ ಇಲ್ಲ. ಯುಪಿಎಸ್ ಇತ್ತಲ್ವಾ?

ಉತ್ತರ: ಯುಪಿಎಸ್ ಇದ್ದರೂ ಸಿಡಿಲಿನಿಂದ ಪಾರು ಅಂತಿಲ್ಲ. ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಮಾನಿಟರಿನ ಪವರ್ ಕೇಬಲ್ ಹೆಚ್ಚಾಗಿ ಸಿಪಿಯುಗೂ ಕೂರುತ್ತದೆ, ಅದನ್ನು ಹಾಕಿಯೂ ನೋಡಿ. ಹಿಂದೆ ಇರುವ ಸಣ್ಣ ಸ್ವಿಚ್ ಆಫ್ ಆಗಿಲ್ಲ ತಾನೆ?

ಏನೂ ಬದಲಾಗದಿದ್ದರೆ ಅನುಮಾನ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬ, ಅಂದರೆ ಎಸ್‌ಎಂಪಿಎಸ್ ಮೇಲೆ. ಅದನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು. ಅಂಗಡಿಯಲ್ಲಿ ಬೇರೆ ಎಸ್‌ಎಂಪಿಎಸ್ ಸಿಕ್ಕಿಸಿ ನೋಡಲಿ. ಜೊತೆಗೆ ಇಂಟರ್ನೆಟ್ ಕೇಬಲ್ ಹಾಕುವ ಜಾಗವನ್ನೂ ಪರೀಕ್ಷಿಸಲು ಹೇಳಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಗುಡುಗು ಶುರುವಾದಾಗ ಪ್ಲಗ್ ಕಿತ್ತು, ರೂಟರಿನ ಕೇಬಲ್ ಹಾಗೇ ಬಿಟ್ಟ ಮನೆಗಳನ್ನು ತುಂಬಾ ನೋಡಿದ್ದೇನೆ.