ಬುರ್ಜ್ ಖಲೀಫಾ ನೋಡಿಯಾಯಿತು, ಇನ್ನೇನಿದೆ?

ಪ್ರವಾಸ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು–ಅಳಿಯ ದುಬೈಯಲ್ಲಿದ್ದಾರೆ. ಬುರ್ಜ್ ಖಲೀಫಾ, ಮರುಭೂಮಿ ಸಫಾರಿ ಎಲ್ಲ ಹಿಂದೆಯೇ ಆಗಿದೆ. ಡಿಸೆಂಬರ್‌ನಲ್ಲಿ ಅತ್ತೆಯವರನ್ನೂ ಕರೆದುಕೊಂಡು ಐದು ದಿನಕ್ಕೆ ಹೋಗುತ್ತಿದ್ದೇವೆ. ಅವರಿಗೆ 74 ವರ್ಷ, ಗಂಟುನೋವು ಇದೆ. ಹೊಸದಾಗಿ ಏನೇನು ನೋಡಬಹುದು?
— ಗೃಹಿಣಿ, ಬ್ರಹ್ಮಾವರ

ಉತ್ತರ: ಮೊದಲು ಅತ್ತೆಯವರ ಪಾಸ್‌ಪೋರ್ಟ್ ತೆರೆದು ನೋಡಿ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು, ಹೆಸರು ಒಂದೇ ಪದದಲ್ಲಿ ಇರುವುದುಂಟು. 2022ರ ನವೆಂಬರ್‌ನಿಂದ ಯುಎಇ ಇಂಥ ಒಂಟಿ ಹೆಸರಿನ ಬಗ್ಗೆ ನಿಯಮ ಬಿಗಿ ಮಾಡಿದೆ. ಪ್ರವಾಸಿ ವೀಸಾ ಅರ್ಜಿ ಅಲ್ಲೇ ತಿರಸ್ಕಾರವಾಗಬಹುದು. ಹಾಗಿದ್ದರೆ ಟಿಕೆಟ್ ತೆಗೆಯುವ ಮೊದಲೇ ಸರ್‌ನೇಮ್ ಸೇರಿಸಿ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸಿ. ಆಧಾರ್‌ನಲ್ಲೂ ಹೆಸರು ಹಾಗೆಯೇ ಇರಬೇಕು, ಇಲ್ಲವಾದರೆ ಸೇವಾ ಕೇಂದ್ರದಿಂದ ವಾಪಸ್ ಕಳಿಸುತ್ತಾರೆ. ಪ್ರಯಾಣದ ದಿನಕ್ಕೆ ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದರೂ ಉಳಿದಿರಲಿ.

ಈಗ ತಾಣಗಳ ವಿಷಯ. ಹೊಸದು ಹೆಚ್ಚಿರುವುದು ಅಬುಧಾಬಿಯಲ್ಲಿ. ಐದರಲ್ಲಿ ಎರಡು ದಿನ ಅಲ್ಲಿಗೇ ಮೀಸಲಿಡಿ. ದುಬೈಯಿಂದ ಹೋಗುವ ಹೆದ್ದಾರಿಯ ಹತ್ತಿರವೇ, ಅಬು ಮುರೈಖಾದಲ್ಲಿ, ಸ್ವಾಮಿನಾರಾಯಣ ಪಂಥದ ಬಿಎಪಿಎಸ್ ಸಂಸ್ಥೆ ಕಟ್ಟಿದ ಹಿಂದೂ ಮಂದಿರವಿದೆ. 2024ರ ಫೆಬ್ರವರಿ 14ರಂದು ಉದ್ಘಾಟನೆಯಾಗಿ, ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ತೆರೆಯಿತು. ರಾಜಸ್ಥಾನದ ಗುಲಾಬಿ ಮರಳುಗಲ್ಲು, ಇಟಲಿಯ ಅಮೃತಶಿಲೆ. ಗೋಡೆ ಗೋಪುರಗಳಿಗೆ ಕಬ್ಬಿಣ, ಉಕ್ಕು ಬಳಸಿಲ್ಲ, ಕೆತ್ತಿ ತಂದ ಕಲ್ಲುಗಳನ್ನು ಒಂದಕ್ಕೊಂದು ಕೂರಿಸಿ ಕಟ್ಟಿದ್ದಾರೆ. ಏಳು ಶಿಖರಗಳು ಯುಎಇಯ ಏಳು ಎಮಿರೇಟ್‌ಗಳ (ಸಂಸ್ಥಾನಗಳ) ಸಂಕೇತ. ಪ್ರವೇಶ ಉಚಿತ, ಆದರೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಿ. ಸೋಮವಾರ ರಜೆ. ಕತ್ತಿನಿಂದ ಮೊಣಕೈವರೆಗೂ ಕೆಳಗೆ ಪಾದದ ಗಂಟಿನವರೆಗೂ ಮೈ ಮುಚ್ಚುವ ಬಟ್ಟೆ ಕಡ್ಡಾಯ. ಅಳಿಯಂದಿರಿಗೂ ಮಕ್ಕಳಿಗೂ ಬರ್ಮುಡಾ ಬೇಡವೆಂದು ಹೇಳಿಬಿಡಿ. ದೊಡ್ಡ ಬ್ಯಾಗ್‌ಗಳನ್ನು ಕಾರಿನಲ್ಲೇ ಬಿಡಿ.

ಮಂದಿರ ಮುಗಿಸಿ ನೇರ ಸಾದಿಯಾತ್ ದ್ವೀಪಕ್ಕೆ ಹೋಗಿ, ರಾತ್ರಿ ಅಬುಧಾಬಿಯಲ್ಲೇ ಉಳಿಯಿರಿ. 2017ರಲ್ಲಿ ತೆರೆದ ಲೂವ್ರ್ ಮ್ಯೂಸಿಯಂ ಜೊತೆಗೆ 2025ರಲ್ಲಿ ಇನ್ನೂ ಮೂರು ಸೇರಿವೆ: ಏಪ್ರಿಲ್‌ನಲ್ಲಿ ಬೆಳಕಿನ ಕಲಾಕೃತಿಗಳ ಟೀಮ್‌ಲ್ಯಾಬ್, ನವೆಂಬರ್‌ನಲ್ಲಿ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಡಿಸೆಂಬರ್‌ನಲ್ಲಿ ಝಾಯೆದ್ ನ್ಯಾಷನಲ್ ಮ್ಯೂಸಿಯಂ. ನಾಲ್ಕನ್ನೂ ನೋಡುತ್ತೇವೆಂದು ಹೊರಟರೆ ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಅತ್ತೆಯವರಿದ್ದಾರೆಂದರೆ ಝಾಯೆದ್ ಮ್ಯೂಸಿಯಂ ಆಯ್ದುಕೊಳ್ಳಿ. ಅದರ ಮೇಲೆ ಗಿಡುಗದ ರೆಕ್ಕೆಯ ಗರಿಗಳ ಆಕಾರದ ಐದು ಉಕ್ಕಿನ ಗೋಪುರಗಳಿವೆ. ಅವು ಬರೀ ಅಂದಕ್ಕಲ್ಲ: ಬಿಸಿಗಾಳಿ ಅವುಗಳೊಳಗಿಂದ ಮೇಲೇರಿ ಹೊರಹೋಗುವಂತೆ ಕಟ್ಟಿದ್ದಾರೆ. ಮಕ್ಕಳಿದ್ದರೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಅಲ್ಲಿ 6.7 ಕೋಟಿ ವರ್ಷ ಹಳೆಯ ‘ಸ್ಟಾನ್’ ಎಂಬ ಟಿ. ರೆಕ್ಸ್ ಅಸ್ಥಿಪಂಜರವಿದೆ. ಟೀಮ್‌ಲ್ಯಾಬ್‌ನಲ್ಲಿ ಬಹುಪಾಲು ಕತ್ತಲೆಯಲ್ಲೇ ನಡೆಯಬೇಕು, ಗಂಟುನೋವಿನವರಿಗೆ ಹೇಳಿಸಿದ್ದಲ್ಲ.

ದುಬೈಯಲ್ಲಿ ನೋಡಲು ಒಂದೇ ಹೇಳುತ್ತೇವೆ: ಮ್ಯೂಸಿಯಂ ಆಫ್ ದ ಫ್ಯೂಚರ್, 2022ರ ಫೆಬ್ರವರಿ 22ರಂದು ತೆರೆದದ್ದು. 77 ಮೀಟರ್ ಎತ್ತರ, ಹೊರಮೈಗೆ 1,024 ಸ್ಟೀಲ್ ಫಲಕ. ಮೈತುಂಬ ಬರೆದಿರುವ ಅರಬ್ಬಿ ಅಕ್ಷರಗಳೇ ಅದರ ಕಿಟಕಿಗಳು. ಹಗಲು ಆ ಅಕ್ಷರಗಳ ಮೂಲಕ ಬೆಳಕು ಒಳಬರುತ್ತದೆ, ಕತ್ತಲಾದ ಮೇಲೆ ಅದೇ ಅಕ್ಷರಗಳು ಹೊರಗೆ ಬೆಳಗುತ್ತವೆ. ಆದ್ದರಿಂದ ಸಂಜೆ ನಾಲ್ಕರ ಹೊತ್ತಿನ ಸ್ಲಾಟ್ ಹಿಡಿಯಿರಿ, ಎರಡೂ ಸಿಗುತ್ತದೆ. ಟಿಕೆಟ್ ಗಂಟೆಗೆ ಇಷ್ಟೇ ಎಂದು ಲೆಕ್ಕವಿಟ್ಟು ಕೊಡುವುದರಿಂದ ಡಿಸೆಂಬರ್‌ನಲ್ಲಿ ಗೇಟಿಗೆ ಹೋಗಿ ಕೇಳಿದರೆ ಸಿಗುವ ನಂಬಿಕೆಯಿಲ್ಲ. ವಿಮಾನದ ಟಿಕೆಟ್ ಆದ ವಾರವೇ ಇದನ್ನೂ ಕೊಂಡುಬಿಡಿ. ಲಿಫ್ಟ್‌ನಲ್ಲಿ ಮೇಲಕ್ಕೆ ಕರೆದೊಯ್ದು, ನೋಡುತ್ತ ಕೆಳಗಿಳಿಯುವ ಕ್ರಮ. ಎಮಿರೇಟ್ಸ್ ಟವರ್ಸ್ ಮೆಟ್ರೊ ನಿಲ್ದಾಣದಿಂದ ಎಸಿ ಸೇತುವೆಯಲ್ಲೇ ಬರಬಹುದು.

ಅತ್ತೆಯವರಿಗೆ ವೀಲ್‌ಚೇರ್ ಬೇಕೆಂದು ವಿಮಾನ ಕಂಪನಿಗೆ 48 ಗಂಟೆ ಮೊದಲೇ ತಿಳಿಸಿ. ಬಜ್ಪೆಯಲ್ಲಿ ಚೆಕ್-ಇನ್ ಕೌಂಟರಿಗೆ ಬಂದ ಮೇಲೆ ಕೇಳಿದರೆ ಕಾಯಬೇಕಾಗುತ್ತದೆ.

ಪ್ರಶ್ನೆ: ಈಜಿಪ್ಟಿನ ಹೊಸ ಮ್ಯೂಸಿಯಂ ನೋಡಲೆಂದೇ ಹೋಗುವ ಯೋಚನೆ. ಒಂದು ದಿನ ಸಾಕೇ? ಮಮ್ಮಿಗಳೂ ಅಲ್ಲೇ ಇವೆಯೇ?
— ನಿವೃತ್ತ ಉಪನ್ಯಾಸಕರು, ಮಂಗಳೂರು

ಉತ್ತರ: ಗೀಜಾದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ 2025ರ ನವೆಂಬರ್‌ನಲ್ಲಿ ಪೂರ್ತಿಯಾಗಿ ತೆರೆಯಿತು. ರಾಜ ಮಮ್ಮಿಗಳು ಅಲ್ಲಿಲ್ಲ. ಅವು 2021ರ ಏಪ್ರಿಲ್‌ನಲ್ಲಿ ಕೈರೋದ ಫುಸ್ತಾತ್‌ನಲ್ಲಿರುವ ನಾಗರಿಕತೆಯ ಮ್ಯೂಸಿಯಂಗೆ ಹೋದವು. ದೊರೆ ತುತಂಖಾಮನ್‌ನ ಬಂಗಾರದ ಮುಖವಾಡ ಗೀಜಾದಲ್ಲಿದೆ, ಅವನ ದೇಹ ಮಾತ್ರ ಇಂದಿಗೂ ಲಕ್ಸರ್‌ನ ಗೋರಿಯಲ್ಲೇ ಇದೆ. ಈ ಮೂರನ್ನೂ ಒಂದೇ ಕಡೆಯೆಂದುಕೊಂಡು ಟೂರ್ ಪ್ಯಾಕೇಜ್ ಒಪ್ಪಿಕೊಂಡವರು ಅಲ್ಲಿ ಹೋಗಿ ಪೇಚಾಡುತ್ತಾರೆ.

ಮ್ಯೂಸಿಯಂಗೆ ಒಂದು ಇಡೀ ದಿನ ಕೊಡಿ, ಪಿರಮಿಡ್‌ಗಳಿಗೆ ಬೇರೆ ಬೆಳಗ್ಗೆ. ಒಳಗೆ ಕಾಲಿಟ್ಟಾಗಲೇ 11 ಮೀಟರ್ ಎತ್ತರ, 83 ಟನ್ ತೂಕದ ಎರಡನೇ ರಾಮ್ಸೆಸ್ ನಿಂತಿರುತ್ತಾನೆ. ಈ ಮೂರ್ತಿ 2006ರವರೆಗೆ ಕೈರೋ ರೈಲು ನಿಲ್ದಾಣದ ಮುಂದಿನ ಹೊಗೆ, ಅದುರಾಟದ ನಡುವೆ ಇತ್ತು. ದೊಡ್ಡ ಮೆಟ್ಟಿಲಸಾಲು ಹತ್ತಿ ಮುಗಿದಾಗ ಗಾಜಿನಾಚೆ ಪಿರಮಿಡ್‌ಗಳೇ ಕಾಣುತ್ತವೆ. ಕಾಲಿಗೆ ಕಷ್ಟವಾದರೆ ಪಕ್ಕದಲ್ಲೇ ಎಸ್ಕಲೇಟರ್ ಇದೆ. ತುತಂಖಾಮನ್ ಗೋರಿಯ 5,000ಕ್ಕೂ ಹೆಚ್ಚು ವಸ್ತುಗಳು, 1922ರಲ್ಲಿ ಗೋರಿ ಸಿಕ್ಕಿದ ನಂತರ ಮೊದಲ ಬಾರಿಗೆ ಒಟ್ಟಿಗೆ ಪ್ರದರ್ಶನಕ್ಕಿವೆ.

ನಮ್ಮ ಕರಾವಳಿಯವರು ತಪ್ಪಿಸಬಾರದ್ದು ಖುಫು ದೊರೆಯ ದೋಣಿ. ಸುಮಾರು 4,500 ವರ್ಷ ಹಳೆಯ, 40 ಮೀಟರ್‌ಗೂ ಉದ್ದದ ದೇವದಾರು ದೋಣಿ. 1954ರಲ್ಲಿ ಪಿರಮಿಡ್ ಪಕ್ಕದ ಗುಂಡಿಯಲ್ಲಿ 1,224 ತುಂಡುಗಳಾಗಿ ಸಿಕ್ಕಿತ್ತು. ಹಲಗೆಗಳಿಗೆ ಮೊಳೆ ಹೊಡೆದಿಲ್ಲ, ಹಲಗೆಯ ಒಳಮೈಯಲ್ಲಿ ತೂತು ಕೊರೆದು ಹಗ್ಗ ಹೊಲಿದಿದ್ದಾರೆ. ನೀರಿಗಿಳಿದಾಗ ಮರ ಉಬ್ಬಿ, ಹಗ್ಗ ಬಿಗಿದು ಸಂದು ತಾನೇ ಮುಚ್ಚಿಕೊಳ್ಳುತ್ತದೆ. ದೋಣಿ ಕಟ್ಟುವ ಕೆಲಸ ಬಲ್ಲ ಮಲ್ಪೆಯವರಿಗೆ ಈ ಒಂದಕ್ಕೇ ಅರ್ಧ ದಿನ ಬೇಕು.

ಟಿಕೆಟ್ ಸಮಯ ನಿಗದಿಯದ್ದು, ಆನ್‌ಲೈನ್‌ನಲ್ಲೇ ಕೊಳ್ಳಿ. ಗಲ್ಫ್ ಮೂಲಕ ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ನಡುವೆ ಲಗೇಜು ನೀವೇ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕು. ಒಂದೇ ಪಿಎನ್‌ಆರ್‌ನ ಟಿಕೆಟ್ ತುಸು ದುಬಾರಿಯಾದರೂ ಅದೇ ಒಳ್ಳೆಯದು.

ಪ್ರಶ್ನೆ: ವಿಯೆಟ್ನಾಂನ ‘ಕೈಗಳು ಹಿಡಿದಿರುವ ಸೇತುವೆ’ಗೆ ದಸರಾ ರಜೆಯಲ್ಲಿ ಹೋಗಬಹುದೇ? ನಾವು ಶುದ್ಧ ಸಸ್ಯಾಹಾರಿಗಳು.
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ದಸರಾಕ್ಕೆ ಬೇಡ. ಆ ಸೇತುವೆ ಇರುವ ಡಾ ನಾಂಗ್ ಕಡೆ ಮಳೆಗಾಲ ನಮ್ಮದು ಮುಗಿಯುವಾಗ ಶುರುವಾಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ನೆರೆಯೂ ಬರುತ್ತದೆ. ಬಾ ನಾ ಬೆಟ್ಟದಲ್ಲಿ 1,400 ಮೀಟರ್ ಎತ್ತರದಲ್ಲಿರುವ ಈ 150 ಮೀಟರ್ ಸೇತುವೆ ಆಗ ಮಂಜಿನಲ್ಲಿ ಕಾಣುವುದೇ ಇಲ್ಲ. ಏಪ್ರಿಲ್–ಮೇ ರಜೆಯಲ್ಲಿ ಹೋಗಿ, ಬೆಳಗಿನ ಮೊದಲ ಕೇಬಲ್ ಕಾರ್ ಹತ್ತಿ. ಕೈಗಳು ಕಲ್ಲಿನವಲ್ಲ, ತಂತಿಬಲೆಯ ಮೇಲೆ ಫೈಬರ್‌ಗ್ಲಾಸ್, 2018ರಲ್ಲಿ ಕಟ್ಟಿದ್ದು. ಊಟಕ್ಕೆ ‘ಚಾಯ್’ (Chay, ಸಸ್ಯಾಹಾರ ಎಂದರ್ಥ) ಎಂದು ಬರೆದ ಹೋಟೆಲು ಹುಡುಕಿ. ಬೇರೆಡೆ ಬರೀ ತರಕಾರಿ ಎಂದರೂ ಮೀನಿನ ಸಾಸ್ ಬೀಳುತ್ತದೆ. ಇ-ವೀಸಾ 25 ಡಾಲರ್, ಸರ್ಕಾರದ ವೆಬ್‌ಸೈಟ್‌ನಲ್ಲೇ ಮಾಡಿ. ಹೆಸರಿನ ಅಕ್ಷರ ಒಂದು ತಪ್ಪಿದರೂ ಮತ್ತೆ ಹಣ ಕಟ್ಟಬೇಕು.

ಪ್ರಶ್ನೆ: ವಿದೇಶದಲ್ಲಿರುವ ಮಗಳ ಮನೆಗೆ ಕೊಬ್ಬರಿ, ಮಸಾಲೆ ಒಯ್ಯಬಹುದೇ?
— ಓದುಗರು, ಸುರತ್ಕಲ್

ಉತ್ತರ: ಒಣ ಕೊಬ್ಬರಿಯನ್ನು 2022ರಿಂದ ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನೇ ಬಿಸಿಯಾಗಿ ಬೆಂಕಿ ಹತ್ತುವ ಭಯ. ಗಸಗಸೆಯನ್ನು ಯುಎಇಗೂ ಸಿಂಗಾಪುರಕ್ಕೂ ಒಯ್ಯಲೇಬೇಡಿ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಚಿಟಿಕೆಯಷ್ಟು ಸಿಕ್ಕಿದರೂ ಕೇಸು. ಗಸಗಸೆ ಹಾಕಿ ಅರೆದ ಮಸಾಲೆಪುಡಿ ಇದ್ದರೆ ಅದನ್ನೂ ಮನೆಯಲ್ಲೇ ಬಿಡಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಎಂಬ ನೋವಿನ ಮಾತ್ರೆಗೆ ಯುಎಇ ಸರ್ಕಾರದ ಅನುಮತಿ ಮೊದಲೇ ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ.