ಶನಿವಾರ ಮಾಂಟ್ರಿಯಲ್ ಬರ್ತಿದೆ

ನಿಮ್ಮ ಪತ್ರ ಓದಿದೆ. ಕೆನಡಾದ ವಿನಿಪೆಗ್‌ಗೆ ಬಂದು ಏಳು ವಾರ. ನಾಲ್ಕೂವರೆಗೆಲ್ಲ ಕತ್ತಲು. ಆಫೀಸಿನಲ್ಲಿ ಎಲ್ಲರೂ ಈ ಊರಿನ ಐಸ್ ಹಾಕಿ ತಂಡ ಜೆಟ್ಸ್ ಬಗ್ಗೆ ಮಾತಾಡುವಾಗ ನೀವು ಸುಮ್ಮನೆ ತಲೆ ಆಡಿಸ್ತೀರಿ. ಈಗ ಜೊತೆಗೆ ಕೆಲಸ ಮಾಡುವವರೊಬ್ಬರು ತಮ್ಮಲ್ಲಿ ಉಳಿದಿದ್ದ ಶನಿವಾರದ ಟಿಕೆಟ್ ಒಂದನ್ನು ನಿಮಗೆ ಕೊಟ್ಟುಬಿಟ್ಟಿದ್ದಾರೆ. "ಅಕ್ಕಾ, ಆಟವೇ ಗೊತ್ತಿಲ್ಲದೆ ಅಷ್ಟು ಹೊತ್ತು ಕೂತು ಏನು ಮಾಡಲಿ? ಈ ಚಳಿಗಾಲವನ್ನು ನೀವೆಲ್ಲ ಹೇಗೆ ಕಳೀತೀರಿ?" ಅಂತ ಕೇಳಿದ್ದೀರಿ. ಎರಡಕ್ಕೂ ಸೇರಿಸಿಯೇ ಉತ್ತರ ಬರೀತೀನಿ, ಯಾಕೆಂದರೆ ನನ್ನ ಮಟ್ಟಿಗೆ ಅವೆರಡೂ ಬೇರೆ ಪ್ರಶ್ನೆಗಳಲ್ಲ. ಹೋಗಿ. ಶನಿವಾರದ ಆಟಕ್ಕೆ ಇವತ್ತು ಮಂಗಳವಾರದಿಂದಲೇ ಕಾಯೋಕೆ ಶುರುಮಾಡಿ.

ನಾನು ಬಂದದ್ದು 2010ರ ನವೆಂಬರ್‌ನಲ್ಲಿ. ಆಗ ಈ ಊರಿಗೆ ಎನ್‌ಎಚ್‌ಎಲ್ ತಂಡವೇ, ಅಂದರೆ ಇಲ್ಲಿನ ದೊಡ್ಡ ಹಾಕಿ ಲೀಗಿನ ತಂಡವೇ, ಇರಲಿಲ್ಲ. ಇದ್ದ ತಂಡ 1996ರಲ್ಲಿ ಅಮೆರಿಕದ ಫೀನಿಕ್ಸ್‌ಗೆ ಹೋಗಿಬಿಟ್ಟಿತ್ತು. ಹದಿನಾಲ್ಕು ವರ್ಷ ಆಗಿದ್ದರೂ ಜನ ಅದರ ಬಗ್ಗೆ, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ, ದನಿ ತಗ್ಗಿಸಿ ಮಾತಾಡ್ತಿದ್ದರು. ಬಸ್ಸಿನಲ್ಲಿ ಹಳೇ ಜರ್ಸಿ ಹಾಕಿಕೊಂಡ ಮುದುಕರು ಕಾಣ್ತಿದ್ದರು. ಆಡುವ ತಂಡವೇ ಇಲ್ಲದ ಮೇಲೆ ಜರ್ಸಿ ಯಾಕೆ ಅಂತ ನನಗೆ ವಿಚಿತ್ರ ಅನ್ನಿಸ್ತಿತ್ತು. ಮುಂದಿನ ವರ್ಷ, 2011ರಲ್ಲಿ, ಅಟ್ಲಾಂಟಾದ ಥ್ರಾಶರ್ಸ್ ತಂಡವನ್ನು ಟ್ರೂ ನಾರ್ತ್ ಸಂಸ್ಥೆ ಕೊಂಡು ಇಲ್ಲಿಗೆ ತಂದಿತು. ತಂಡದ ಹೆಸರು ಕೂಡ ಇನ್ನೂ ನಿರ್ಧಾರವಾಗಿರಲಿಲ್ಲ, 13,000 ಸೀಸನ್ ಟಿಕೆಟ್ ನಾಲ್ಕು ದಿನ ತುಂಬುವ ಮೊದಲೇ ಖಾಲಿ. ಹಾಗಾಗಿ ಈ ತಂಡಕ್ಕಿಂತ ಈ ಊರಲ್ಲಿ ನಾನೇ ಒಂದು ವರ್ಷ ಹಿರಿಯಳು. ಯಾರಾದರೂ ನನ್ನನ್ನು ಹೊಸಬಳು ಅಂದರೆ ಇದನ್ನೇ ಹೇಳ್ತೀನಿ.

ಮೊದಲ ಮೂರು ಚಳಿಗಾಲ ನಾನು ಆಟದ ಕಡೆ ತಿರುಗಿಯೂ ನೋಡಲಿಲ್ಲ. ಹಾಕಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಹುಲ್ಲಿನ ಮೇಲೆ ಆಡುವುದು. ಇದು ಬರೀ ತಳ್ಳಾಟ, ಚೆಂಡೂ ಕಾಣಲ್ಲ ಅಂತ ತಾತ್ಸಾರ. ಆಫೀಸು, ಮನೆ, ಮತ್ತೆ ಆಫೀಸು. ಜನವರಿಯಲ್ಲಿ ಒಂದು ದಿನ ಇದು ಬುಧವಾರವೋ ಗುರುವಾರವೋ ಅಂತ ನಿಜವಾಗಿಯೂ ಗೊತ್ತಾಗದೆ ಫೋನ್ ನೋಡಬೇಕಾಯಿತು. ಹೊರಗೆ ಮೈನಸ್ ಮೂವತ್ತು ಇದ್ದರೆ ಸ್ವೆಟರ್, ಕೋಟು ಹಾಕಿಕೊಂಡು ತಡೆಯಬಹುದು. ದಿನಗಳೆಲ್ಲ ಒಂದೇ ಥರ ಆಗಿಬಿಟ್ಟರೆ ಅದಕ್ಕೆ ಏನು ಹಾಕಿಕೊಳ್ಳೋದು?

ನನ್ನನ್ನು ಆಟಕ್ಕೆ ಎಳೆದದ್ದು ಪಂಜಾಬಿ ಕಾಮೆಂಟರಿ ಅಂದರೆ ನೀವು ನಗಬಹುದು. ಇಲ್ಲಿ ಶನಿವಾರ ರಾತ್ರಿ ಟಿವಿಯಲ್ಲಿ ಹಾಕಿ ನೋಡುವುದು 1952ರಿಂದ ಬಂದ ಪದ್ಧತಿ. ಅದೇ ಕಾರ್ಯಕ್ರಮ 2008ರಿಂದ ಪಂಜಾಬಿಯಲ್ಲೂ ಶುರುವಾಯಿತು. ಹರ್‌ನಾರಾಯಣ್ ಸಿಂಗ್ ಅವರು ಗೋಲ್ ಆದಾಗ ಕೂಗುವುದನ್ನು ಕೇಳಬೇಕು ನೀವು. 2016ರ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನೀನೊ ಗೋಲ್ ಹೊಡೆದಾಗ 'ಬೊನೀನೊ ಬೊನೀನೊ ಬೊನೀನೊ' ಅಂತ ಒಂದೇ ಉಸಿರಿಗೆ ಕೂಗಿದ್ದು ಇಡೀ ಅಮೆರಿಕ ಖಂಡದಲ್ಲೇ ಪ್ರಸಿದ್ಧವಾಯಿತು. ನನಗೆ ಪಂಜಾಬಿ ಅರೆಬರೆ ಮಾತ್ರ. ಆದರೂ ಆ ದನಿಯಲ್ಲಿ ಕೇಳಿದ ಮೇಲೆ ಆಟ ಬೇರೆಯವರದ್ದು ಅನ್ನಿಸಲಿಲ್ಲ. ಇಂಗ್ಲಿಷ್ ಕಾಮೆಂಟರಿ ನಿಮಗೆ ವೇಗ ಅನ್ನಿಸಿದರೆ ನೀವೂ ಅಲ್ಲಿಂದಲೇ ಶುರುಮಾಡಿ.

ಈಗ ಕಾಯುವ ವಿಷಯ. ಋತು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಅದರಲ್ಲಿ ಸುಮಾರು ಅರ್ಧ ಆಟ ಇದೇ ಊರಲ್ಲಿ. ನನ್ನ ಅಡುಗೆಮನೆ ಕ್ಯಾಲೆಂಡರ್ ಮೇಲೆ ಆ ದಿನಗಳಿಗೆಲ್ಲ ನೀಲಿ ಸುತ್ತು. ಒಂದು ಆಟ ಮುಗಿದ ಮರುದಿನ ಅದರ ಬಗ್ಗೆ ಗೊಣಗುವುದು, ಅದರ ಮರುದಿನದಿಂದ ಮುಂದಿನದರ ಲೆಕ್ಕ. ಶನಿವಾರ ಗೋಲಿ ಯಾರು? ಅಂದರೆ ಗೋಲ್ ಕಾಯುವವನು ಹೆಲೆಬಕ್ಕೋ, ಎರಡನೆಯವನೋ? ಶುಕ್ರವಾರವೂ ಬೇರೆ ಊರಲ್ಲಿ ಆಟ ಇದ್ದರೆ ಎರಡೂ ದಿನ ಒಬ್ಬನನ್ನೇ ನಿಲ್ಲಿಸೋದು ಕಡಿಮೆ. ಕಾನರ್ ಹೆಲೆಬಕ್ ಅಂದರೆ 2020, 2024, 2025 ಮೂರು ಸಲ ಅತ್ಯುತ್ತಮ ಗೋಲಿಗೆ ಕೊಡುವ ವೆಝಿನಾ ಟ್ರೋಫಿ ಪಡೆದವನು. 2025ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನ ಹಾರ್ಟ್ ಟ್ರೋಫಿಯೂ ಅವನಿಗೇ. ಅವನು ಇದ್ದಾನೋ ಇಲ್ಲವೋ ಅನ್ನೋದರ ಮೇಲೆ ನನ್ನ ಆ ದಿನದ ಮೂಡು ನಿಂತಿರುತ್ತೆ. ಆಟದ ದಿನ ಬೆಳಿಗ್ಗೆ ತಂಡಗಳು ಹಗುರವಾಗಿ ಅಭ್ಯಾಸ ಮಾಡ್ತವೆ. ಅಲ್ಲಿ ಯಾವ ಗೋಲಿ ಅಭ್ಯಾಸ ಮುಗಿಸಿ ಮೊದಲು ಮಂಜು ಬಿಟ್ಟು ಹೋಗ್ತಾನೋ ರಾತ್ರಿ ಅವನೇ ನಿಲ್ತಾನೆ ಅನ್ನೋದು ಬಹುಮಟ್ಟಿಗೆ ನಿಜವಾಗುವ ಲೆಕ್ಕಾಚಾರ. ನಾನು ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಫೋನ್‌ನಲ್ಲಿ ನೋಡುವುದು ಇದನ್ನೇ.

ಗಾಯದ ಸುದ್ದಿ ಇನ್ನೊಂದು ತಮಾಷೆ. ಯಾರಿಗೆ ಏನಾಗಿದೆ ಅಂತ ತಂಡಗಳು ಬಾಯಿಬಿಡೋದೇ ಇಲ್ಲ. 'ಮೈಯ ಮೇಲ್ಭಾಗದ ಗಾಯ' ಇಲ್ಲವೇ 'ಕೆಳಭಾಗದ ಗಾಯ', ಅಷ್ಟೆ. ಎಲ್ಲಿ ಅಂತ ಗೊತ್ತಾದರೆ ಎದುರಾಳಿ ಅಲ್ಲಿಗೇ ಬಂದು ಗುದ್ದುತ್ತಾನೆ ಅನ್ನೋ ಭಯ. ಹಾಗಾಗಿ ಊರೆಲ್ಲ ಕೂತು ಮೊಣಕಾಲೋ, ಪಾದವೋ ಅಂತ ಪಂಚಾಯಿತಿ ಮಾಡುತ್ತೆ. ನಿಮ್ಮ ಆಫೀಸಿನವರು ಕಾಫಿ ಹಿಡಿದು ನಿಂತು ಗಂಭೀರವಾಗಿ ಚರ್ಚಿಸುವುದು ಹೆಚ್ಚಾಗಿ ಇಂಥದ್ದನ್ನೇ. ನಾಳೆ ನೀವು ಸುಮ್ಮನೆ "ಶನಿವಾರ ಗೋಲಿ ಯಾರು?" ಅಂತ ಒಂದೇ ಮಾತು ಕೇಳಿ ನೋಡಿ. ನಿಮಗೆ ಟಿಕೆಟ್ ಕೊಟ್ಟವರು ಹತ್ತು ನಿಮಿಷ ಬಿಡೋದಿಲ್ಲ.

ಇನ್ನೊಂದು ಎಚ್ಚರಿಕೆ. ಹೆಸರುಗಳನ್ನು ಅಕ್ಷರ ನೋಡಿ ಓದಬೇಡಿ. ಜೆಟ್ಸ್ ಆಟಗಾರ ಶೈಫ್ಲಿ ಅನ್ನೋ ಹೆಸರಿನ ಸ್ಪೆಲ್ಲಿಂಗ್ ಒಂದು ಥರ ಇದೆ, ಹಿಂದೆ ಇದ್ದ ಬಫ್ಲಿನ್ ಅನ್ನುವವನದ್ದಂತೂ ಕೇಳಲೇಬೇಡಿ. ನಮ್ಮ ಹೆಸರು ಹೇಳೋಕೆ ತಡವರಿಸುವ ಜನ ಇವನ್ನೆಲ್ಲ ನೀರು ಕುಡಿದ ಹಾಗೆ ಹೇಳುವುದು ಕೇಳಿದಾಗ ಸ್ವಲ್ಪ ಹೊಟ್ಟೆ ಉರಿಯುತ್ತೆ ನನಗೆ.

ಈ ಶನಿವಾರ ಯಾಕೆ ವಿಶೇಷ ಅಂದರೆ ಬರುವುದು ಮಾಂಟ್ರಿಯಲ್ ಕೆನೇಡಿಯನ್ಸ್. 1909ರ ತಂಡ, ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ 24 ಸಲ. ಅಷ್ಟು ಬೇರೆ ಯಾರೂ ಗೆದ್ದಿಲ್ಲ. 1993ರಲ್ಲಿ ಅವರು ಗೆದ್ದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆನಡಾದ ಯಾವ ತಂಡಕ್ಕೂ ಕಪ್ ಸಿಗಲಿಲ್ಲ. ಜೆಟ್ಸ್ ಇಲ್ಲದೇ ಇದ್ದ ಆ ವರ್ಷಗಳಲ್ಲಿ ಈ ಊರಿನ ಎಷ್ಟೋ ಮನೆ ಮಾಂಟ್ರಿಯಲ್ ಅಥವಾ ಟೊರಾಂಟೊ ಕಡೆ ಇತ್ತು, ಕೆಲವರು ಇನ್ನೂ ಅಲ್ಲೇ ಇದ್ದಾರೆ. ಹಾಗಾಗಿ ಒಳಗೆ ಕೆಂಪು ಜರ್ಸಿ ಎಷ್ಟು ಕಾಣುತ್ತೆ ನೋಡಿ ನಿಮಗೆ ಯಾರ ಊರಲ್ಲಿದ್ದೀನಿ ಅನ್ನಿಸಬಹುದು. ನನಗಂತೂ 2021ರ ಸಿಟ್ಟು ಇನ್ನೂ ಆರಿಲ್ಲ. ಕೋವಿಡ್ ಕಾಲ, ಗಡಿ ಮುಚ್ಚಿತ್ತು, ಕೆನಡಾದ ತಂಡಗಳು ತಮ್ಮತಮ್ಮಲ್ಲೇ ಆಡಿದ ವರ್ಷ. ಪ್ಲೇಆಫ್‌ನ, ಅಂದರೆ ಋತು ಮುಗಿದ ಮೇಲೆ ಕಪ್‌ಗಾಗಿ ಆಡುವ ಸುತ್ತುಗಳ, ಎರಡನೇ ಸುತ್ತಿನಲ್ಲಿ ಮಾಂಟ್ರಿಯಲ್ ನಮ್ಮನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿತು. ಮೊದಲ ಆಟದ ಕೊನೆಗೆ ಶೈಫ್ಲಿ ಎದುರಾಳಿಗೆ ಡಿಕ್ಕಿ ಹೊಡೆದು ನಾಲ್ಕು ಆಟ ಅಮಾನತಾದ. ಡಿಕ್ಕಿ ತಪ್ಪೇ, ಅದನ್ನು ನಾನು ಸಮರ್ಥಿಸಲ್ಲ. ಆದರೂ ಅವನಿದ್ದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತೆ.

ನಿಯಮಗಳನ್ನು ಉರುಹೊಡೆಯಬೇಡಿ, ಇಷ್ಟು ಸಾಕು. ಇಪ್ಪತ್ತು ನಿಮಿಷದ ಮೂರು ಪೀರಿಯಡ್. ಒಂದೊಂದು ಕಡೆ ಐದು ಜನ, ಜೊತೆಗೆ ಗೋಲಿ. ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ, ಅದೇ ಪಕ್. ಪುಟಿಯದೆ ಜಾರಲಿ ಅಂತ ಅದನ್ನು ಆಟಕ್ಕೆ ಮುಂಚೆ ಹೆಪ್ಪುಗಟ್ಟಿಸಿರ್ತಾರೆ. ನೀಲಿ ಗೆರೆಯನ್ನು ಪಕ್ಕಿಗಿಂತ ಮೊದಲು ಆಟಗಾರ ದಾಟಿದರೆ ಆಫ್‌ಸೈಡ್. ತಮ್ಮ ಅರ್ಧದಿಂದ ಹೊಡೆದ ಪಕ್ ಎದುರು ಕೊನೆಯ ಗೆರೆ ದಾಟಿ ಸುಮ್ಮನೆ ಹೋದರೆ ಐಸಿಂಗ್. ಆಗ ಪಕ್ ಹೊಡೆದವರ ಗೋಲ್ ಹತ್ತಿರಕ್ಕೇ ವಾಪಸು, ಸುಸ್ತಾದವರನ್ನು ಬದಲಿಸುವ ಹಾಗೂ ಇಲ್ಲ. ತಪ್ಪು ಮಾಡಿದವನು ಎರಡು ನಿಮಿಷ ಪೆಟ್ಟಿಗೆಯಲ್ಲಿ ಕೂರ್ತಾನೆ, ಎದುರು ತಂಡಕ್ಕೆ ಒಬ್ಬ ಹೆಚ್ಚು. ಅದು ಪವರ್ ಪ್ಲೇ. ಹೊಡೆದಾಡಿದರೆ ಐದು ನಿಮಿಷ. ಹೊಡೆದಾಟಕ್ಕೆ ಜನ ಎದ್ದು ಕುಣಿಯುವುದು ಇಷ್ಟು ವರ್ಷವಾದರೂ ನನಗೆ ಹಿಡಿಸಿಲ್ಲ. ಆಗ ನಾನು ಕೂತೇ ಇರ್ತೀನಿ, ನೀವೂ ಕೂತಿದ್ದರೆ ಯಾರೂ ಏನೂ ಅನ್ನಲ್ಲ.

ಪಕ್ ಕಾಣದಿದ್ದರೆ ಹುಡುಕಬೇಡಿ. ಎಲ್ಲರ ಕೋಲು ಯಾವ ಕಡೆ ತಿರುಗಿದೆ ನೋಡಿ, ಪಕ್ ಅಲ್ಲೇ ಇರುತ್ತೆ. ಆಮೇಲೆ ಬೆಂಚಿನ ಕಡೆ ಗಮನ ಇಡಿ. ಮುಕ್ಕಾಲು ನಿಮಿಷಕ್ಕೊಮ್ಮೆ ಆಟ ನಿಲ್ಲದ ಹಾಗೇ ಮೂವರು ಒಳಗೆ, ಮೂವರು ಗೋಡೆ ಹಾರಿ ಹೊರಗೆ. ಟಿವಿಯಲ್ಲಿ ಇದು ಸಿಗೋದೇ ಇಲ್ಲ. ಸ್ಕೇಟ್ ಮಂಜು ಕೊರೆಯುವ ಸದ್ದೂ ಅಷ್ಟೆ, ಒಳಗೆ ಕೂತವರಿಗೇ.

ದಿನದ ವ್ಯವಸ್ಥೆ ಹೇಳ್ತೀನಿ. ಸಂಜೆ ಆರಕ್ಕೆ ಆಟ ಅಂದರೆ ಐದಕ್ಕೆ ಒಳಗಿರಿ. ಅರ್ಧ ಗಂಟೆ ಮುಂಚೆ ತಂಡಗಳು ವಾರ್ಮ್‌ಅಪ್‌ಗೆ ಬರ್ತವೆ. ಆಗ ಕೆಳಗೆ ಗಾಜಿನ ಹತ್ತಿರ ಹೋಗಿ ನಿಂತುಕೊಳ್ಳಿ. ಪಕ್ ಗಾಜಿಗೆ ಬಡಿದಾಗ ಬೆಚ್ಚಿ ಹಿಂದೆ ಸರಿಯದವರನ್ನು ನಾನಿನ್ನೂ ನೋಡಿಲ್ಲ. ಡೌನ್‌ಟೌನ್‌ನಲ್ಲಿ ಎಲ್ಲಾದರೂ ಕಾರು ನಿಲ್ಲಿಸಿ ಸ್ಕೈವಾಕ್ ಹಿಡಿದರೆ ಕಟ್ಟಡದಿಂದ ಕಟ್ಟಡಕ್ಕೆ ಒಳಗೊಳಗೇ ಆಟ ನಡೆಯುವ ಕೆನಡಾ ಲೈಫ್ ಸೆಂಟರ್ ತಲುಪಬಹುದು, ಗಾಳಿಗೆ ಮುಖ ಕೊಡಬೇಕಿಲ್ಲ. ತುಂಬಾ ದಪ್ಪ ಕೋಟು ಬೇಡ, ಮಡಿಲಲ್ಲಿ ಇಟ್ಟುಕೊಂಡು ಕೂರೋದು ದೊಡ್ಡ ಹಿಂಸೆ. ಬೆನ್ನಿಗೆ ಹಾಕುವ ಚೀಲ ಮನೆಯಲ್ಲೇ ಬಿಡಿ.

ಎರಡೂ ಕೆನಡಾದ ತಂಡಗಳಾದ್ದರಿಂದ ಒಂದೇ ರಾಷ್ಟ್ರಗೀತೆ. ಅದರಲ್ಲಿ 'ಟ್ರೂ ನಾರ್ತ್' ಅನ್ನೋ ಮಾತು ಬಂದಾಗ ಸುಮಾರು 15,000 ಜನ ಒಟ್ಟಿಗೆ ಗಂಟಲು ಹರಿಯುವಂತೆ ಕೂಗ್ತಾರೆ. ಏನೋ ಅನಾಹುತ ಆಯಿತು ಅಂತ ಗಾಬರಿಯಾಗಬೇಡಿ. ತಂಡವನ್ನು ತಂದ ಸಂಸ್ಥೆಗೆ ಊರು ಹೇಳುವ ಥ್ಯಾಂಕ್ಸ್ ಅದು.

ನಾನು ಮೊದಲು ಪ್ಲೇಆಫ್‌ಗೆ ಹೋದಾಗ ಇಂಥದ್ದನ್ನೆಲ್ಲ ಹೇಳುವವರು ನನಗೆ ಇರಲಿಲ್ಲ. 2015ರ ಏಪ್ರಿಲ್. ಹತ್ತೊಂಬತ್ತು ವರ್ಷದ ನಂತರ ಊರಿಗೆ ಪ್ಲೇಆಫ್ ಬಂದಿತ್ತು. ನಾನು ಮೆರೂನ್ ಕೋಟು ಹಾಕಿಕೊಂಡು ಬಾಗಿಲು ದಾಟಿದೆ, ಒಳಗೆ ಹಾಲು ಚೆಲ್ಲಿದ ಹಾಗೆ ಬಿಳಿ. 1987ರಲ್ಲಿ ಕ್ಯಾಲ್ಗರಿ ಅಭಿಮಾನಿಗಳ ಕೆಂಪು ಬಟ್ಟೆಗೆ ಎದುರಾಗಿ ಹುಟ್ಟಿದ ಪದ್ಧತಿಯಂತೆ, ಪ್ಲೇಆಫ್ ಅಂದರೆ ಎಲ್ಲರೂ ಬಿಳಿ ಬಟ್ಟೆ. ಪಕ್ಕದ ಸೀಟಿನ ಅಜ್ಜಿ ಒಂದು ಮಾತೂ ಆಡದೆ ತನ್ನ ಚೀಲದಿಂದ ಬಿಳಿ ಟವೆಲ್ ತೆಗೆದು ನನ್ನ ಹೆಗಲ ಮೇಲೆ ಹೊದಿಸಿದಳು. ಅನಾಹೈಮ್ ಎದುರು ನಾಲ್ಕಕ್ಕೆ ನಾಲ್ಕೂ ಸೋತೆವು. ಕೊನೆಯ ಆಟ ಮುಗಿದ ಮೇಲೂ ಜನ ಮನೆಗೆ ಹೋಗಲಿಲ್ಲ, ಎದ್ದು ನಿಂತು 'ಗೋ ಜೆಟ್ಸ್ ಗೋ' ಅಂತಲೇ ಇದ್ದರು. ಬಸ್ಸಿನಲ್ಲಿ ನೋಡಿದ್ದ ಆ ಹಳೇ ಜರ್ಸಿಯ ಮುದುಕರು ನನಗೆ ಆವತ್ತು ಅರ್ಥವಾದರು. ಟವೆಲ್ ವಾಪಸು ಕೊಡಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. ಈಗಲೂ ನನ್ನ ಹತ್ತಿರವೇ ಇದೆ.

ಹಾಗೆಂದು ಬರೀ ಸೋಲಿನ ಕತೆ ಅಂದುಕೊಳ್ಳಬೇಡಿ. 2025ರ ಮೇ ತಿಂಗಳು, ಪ್ಲೇಆಫ್‌ನಲ್ಲಿ ಸೇಂಟ್ ಲೂಯಿಸ್ ಎದುರು ಕೊನೆಯ, ಏಳನೇ ಆಟ. ಮುಗಿಯಲು ಎರಡು ನಿಮಿಷವೂ ಇಲ್ಲದಾಗ ನಾವು 3-1 ಹಿಂದೆ. ಗಡಿಯಾರ ಸೊನ್ನೆಗೆ ಇಳಿಯುವ ಕೊನೆಯ ಕ್ಷಣಗಳಲ್ಲಿ ಕೋಲ್ ಪರ್ಫೆಟ್ಟಿ ಸಮ ಮಾಡಿದ. ಎರಡನೇ ಓವರ್‌ಟೈಮ್‌ನಲ್ಲಿ ನಾಯಕ ಆಡಮ್ ಲೌರಿ ಮುಗಿಸಿದ. ಆ ರಾತ್ರಿ ನಾನು ಗುರುತಿಲ್ಲದ ಆರೇಳು ಜನರನ್ನು ತಬ್ಬಿಕೊಂಡೆ. ಮುಂದಿನ ಸುತ್ತಿನಲ್ಲಿ ಡಲ್ಲಾಸ್ ಎದುರು ಸೋತೆವು ಅನ್ನೋದು ಬೇರೆ ಮಾತು.

ಖರ್ಚಿನ ಬಗ್ಗೆಯೂ ಕೇಳಿದ್ದೀರಿ. ಮಾಂಟ್ರಿಯಲ್, ಟೊರಾಂಟೊ ಬಂದಾಗ ಟಿಕೆಟ್ ದುಬಾರಿ. ವಾರದ ಮಧ್ಯೆ ಬೇರೆ ಯಾವುದಾದರೂ ತಂಡ ಬಂದಾಗ ಕೈಗೆಟುಕುತ್ತೆ. ಇನ್ನೂ ಅಗ್ಗಕ್ಕೆ ಬೇಕಿದ್ದರೆ ಮ್ಯಾನಿಟೋಬಾ ಮೂಸ್ ಆಟ ನೋಡಿ. ಜೆಟ್ಸ್‌ನ ಕೆಳಗಿನ ತಂಡ, ಅದೇ ಅಂಗಳ, ಮುಂದಿನ ಸಾಲೇ ಸಿಗಬಹುದು. ಈ ವರ್ಷ ಮೂಸ್‌ನಲ್ಲಿ ನೋಡಿದ ಹುಡುಗ ಮುಂದಿನ ವರ್ಷ ಜೆಟ್ಸ್‌ಗೆ ಬಂದರೆ "ಇವನನ್ನು ನಾನು ಆಗಲೇ ನೋಡಿದ್ದೆ" ಅಂತ ಹೇಳಿಕೊಳ್ಳಬಹುದು. ಆಫೀಸಿನಲ್ಲಿ ಅದಕ್ಕೆ ಒಳ್ಳೆ ಬೆಲೆ ಇದೆ.

ನಿಮ್ಮ ಸೀಟು ಯಾವ ಸೆಕ್ಷನ್ ಅಂತ ಬರೀರಿ. 300ರ ಸಾಲಾದರೆ ನನ್ನ ಹತ್ತಿರವೇ. ಮೇಲಿಂದ ಆಟ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ, ಮೊದಲ ಸಲಕ್ಕೆ ಅದೇ ಒಳ್ಳೆಯದು. ನಾನು ಮಗಳ ಜೊತೆ ನಾಲ್ಕೂಮುಕ್ಕಾಲಿಗೆ ಟ್ರೂ ನಾರ್ತ್ ಸ್ಕ್ವೇರ್‌ನಲ್ಲಿರುವ, ಹಳೇ ಜೆಟ್ಸ್‌ನ ಆಟಗಾರ ಡೇಲ್ ಹವರ್‌ಚಕ್ ಪ್ರತಿಮೆ ಹತ್ತಿರ ಇರ್ತೀನಿ. ಬಿಳಿ ಟವೆಲ್ ನೋಡಿ ಗುರುತು ಹಿಡಿಯಿರಿ. ಮತ್ತೆ, ಶನಿವಾರ ಬೆಳಿಗ್ಗೆ ಗೋಲಿ ಯಾರು ಅಂತ ನಿಮಗೆ ಮೊದಲು ತಿಳಿದರೆ ನನಗೊಂದು ಮೆಸೇಜ್ ಹಾಕಿ.