ಗಾಜು ಹೋದ ಮೇಜಿಗೆ ಬಟ್ಟೆ ಹೊದಿಸಿದ ಹಲಗೆ

ಹೊರಗಿಡುವ ಮೇಜಿನ ಗಾಜು ಒಡೆದಿದೆ, ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈವುಡ್ ಕೂರಿಸಿ ಹಳೆಯ ಹತ್ತಿ ಪರದೆ ಹೊದಿಸಬಹುದೇ ಎಂದು ಕೇಳಿದ್ದೀರಿ. ಪ್ಲೈವುಡ್ ಸರಿ, ಹತ್ತಿ ಬೇಡ. ಒಮ್ಮೆ ನೆನೆದರೆ ಬೇಗ ಒಣಗದು, ಬೂಷ್ಟು ಹಿಡಿಯುತ್ತದೆ, ಬಿಸಿಲಿಗೆ ಬಣ್ಣವೂ ನಿಲ್ಲದು. ನೂಲು ತೆಗೆಯುವ ಮೊದಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆ ಒಳ್ಳೆಯದು. ರೆಕ್ಸಿನ್ ಒರೆಸಲು ಸುಲಭ, ಆದರೆ ಮಧ್ಯಾಹ್ನ ಕೈ ಇಟ್ಟು ನೋಡಿ!

ಬಟ್ಟೆಗಿಂತ ಹಲಗೆಯ ಅಂಚಿನ ಕಡೆ ಹೆಚ್ಚು ಗಮನ ಕೊಡಿ. ನೀರು ಒಳಗಿಳಿಯುವುದು ಹೆಚ್ಚಾಗಿ ಕತ್ತರಿಸಿದ ಅಂಚಿನಿಂದಲೇ. ನೀರು ತಡೆಯುವ ಮರೀನ್ ಪ್ಲೈವುಡ್ ತಂದರೂ ಅಂಚಿಗೆ ಎರಡು-ಮೂರು ಕೋಟ್ ಹೊರಾಂಗಣ ವಾರ್ನಿಷ್ ಬಳಿದು, ಪೂರ್ತಿ ಒಣಗಿದ ಮೇಲೆ ಬಟ್ಟೆ ಹೊದಿಸಿ. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಇಲ್ಲವಾದರೆ ಬಟ್ಟೆ ಮೊದಲು ಹರಿಯುವುದು ಅಲ್ಲೇ.

ಸುತ್ತಲೂ 10 ಸೆಂ.ಮೀ. ಬಟ್ಟೆ ಹೆಚ್ಚು ಬಿಡಿ. ಅದನ್ನು ಹಲಗೆಯ ಅಡಿಗೆ ಮಡಚಿ, ನಾಲ್ಕೂ ಬದಿಯ ನಡುವೆ ಒಂದೊಂದು ಸ್ಟೇಪಲ್ ಪಿನ್ ಹೊಡೆದು, ಎಳೆದುಕೊಳ್ಳುತ್ತಾ ಮೂಲೆಯ ಕಡೆ ಹೋಗಿ. ಸ್ಟೇನ್‌ಲೆಸ್ ಸ್ಟೀಲ್ ಪಿನ್ನೇ ಇರಲಿ. ಸಾದಾ ಪಿನ್ ಹೊಡೆದು ತುಕ್ಕಿನ ಕಲೆ ಸಂಪಾದಿಸಿದವನು ನಾನು. ಬಟ್ಟೆಯ ಕೆಳಗೆ ಸ್ಪಂಜು ಹಾಕಬೇಡಿ, ಲೋಟ ನಿಲ್ಲುವುದಿಲ್ಲ. ತಳವನ್ನು ಬಟ್ಟೆಯಿಂದ ಮುಚ್ಚಬೇಡಿ, ಗಾಳಿಯಾಡಲಿ.

ಇನ್ನೊಂದು ಮಾತು: 5 ಮಿ.ಮೀ. ಗಾಜು ಚದರ ಮೀಟರಿಗೆ ಸುಮಾರು 12.5 ಕೆ.ಜಿ. ತೂಗುತ್ತದೆ. 12 ಮಿ.ಮೀ. ಪ್ಲೈ ಅದಕ್ಕಿಂತ ಹಗುರ, ಜೋರು ಗಾಳಿಗೆ ಏಳಬಹುದು. ಚೌಕಟ್ಟಿನ ಒಳಗೆ ಸರಿಯಾಗಿ ಕೂರುವಂತೆ ಅಡಿಯಲ್ಲಿ ನಾಲ್ಕು ಮರದ ಪಟ್ಟಿ ಜೋಡಿಸಿ, ಎರಡು ಕಡೆ ಕ್ಲಾಂಪ್ ಹಾಕಿ.